ಚೀಟಿ ನನ್ನ ಕೈಗೆ ಕೊಡಿ

ನಮ್ಮ ಕಡೆ ಹೆಂಗಸರು ದವಾಖಾನೆಗೆ ಒಬ್ಬರೇ ಹೋಗುವುದು ಕಡಿಮೆ. ಹೋದರೂ ಜ್ವರ, ನೆಗಡಿ, ತಲೆನೋವಿಗೆ ಓಣಿಯ ಡಾಕ್ಟರರ ತನಕ. ಕಿಡ್ನಿ, ಹಳ್ಳು, ಫೋಟೋ ಎಂಬ ಮಾತು ಬಂತೆಂದರೆ ಮುಗಿಯಿತು. ಜಮಖಂಡಿಯಿರಲಿ, ಮುಧೋಳವಿರಲಿ, ಬೀಳಗಿಯಿರಲಿ, ನಮ್ಮ ರಬಕವಿ-ಬನಹಟ್ಟಿಯಿರಲಿ, ಜೋಡಿಗೆ ಒಬ್ಬ ಗಂಡಸು ಬರಲೇಬೇಕು. ಗಂಡ, ಮೈದುನ, ತಮ್ಮ, ಯಾರೂ ಸಿಗದಿದ್ದರೆ ಹೈಸ್ಕೂಲಿಗೆ ಹೋಗುವ ಮಗ. ಡಾಕ್ಟರು ಮಾತಾಡುವುದು ಅವನ ಜೊತೆ. ಬೇನೆ ಇವಳದು, ಚೀಟಿ ಅವನ ಜೇಬಿನಲ್ಲಿ. ನನ್ನ ಜಗಳವಿರುವುದು ಈ ಚೀಟಿಯ ಮೇಲೆ.

ಮೂತ್ರಪಿಂಡ, ಮೂತ್ರಕೋಶಗಳಿಗೆ ಔಷಧ ಹಾಯಿಸಿ ಎಕ್ಸ್‌ರೇ ತೆಗೆಯುವ ಮುಂಚೆ ಒಂದು ಚೀಟಿ ಕೊಡುತ್ತಾರೆ. ಹಿಂದಿನ ದಿನ ಏನು ತಿನ್ನಬೇಕು, ಯಾವ ಗುಳಿಗೆ ನುಂಗಬೇಕು, ಎಷ್ಟು ಗಂಟೆಗೆ ಬರಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಇಷ್ಟು ಸಣ್ಣ ಕಾಗದದ ಮೇಲೆ ಪ್ರಬಂಧ ಬರೆಯುವಂಥದ್ದೇನಿದೆ ಎಂದು ನಿಮಗೆ ಅನ್ನಿಸಬಹುದು. ಆ ಕಾಗದ ನನಗೆ ಏನು ಮಾಡಿತೆಂಬುದನ್ನು ಹೇಳುತ್ತೇನೆ, ಆಮೇಲೆ ನೀವೇ ತೀರ್ಮಾನಿಸಿ.

1994ರ ಮೇ ತಿಂಗಳು. ಬಾಗಲಕೋಟೆ ಜಿಲ್ಲೆ ಇನ್ನೂ ಆಗಿರಲಿಲ್ಲ, ನಾವೆಲ್ಲ ಬಿಜಾಪುರ ಜಿಲ್ಲೆಯವರು. ನಾನು ಬನಹಟ್ಟಿಯ ನೇಕಾರರ ಮನೆಯ ಸೊಸೆ. ಮನೆಯಲ್ಲಿ ನಾಲ್ಕು ಮಗ್ಗ, ಹನ್ನೊಂದು ಜನ. ಬೆಳಗಿನಿಂದ ಸಂಜೆಯವರೆಗೆ ಕೂತು ಕಂಡಿಕೆ ಸುತ್ತುವುದು, ನಡುನಡುವೆ ಎದ್ದು ರೊಟ್ಟಿ ಬಡಿಯುವುದು. ಎಡಗಡೆ ಪಕ್ಕೆಯಿಂದ ಎದ್ದ ನೋವು ತೊಡೆಯ ಸಂದಿಗೆ ಇಳಿಯುತ್ತಿತ್ತು. ಎರಡು ತಿಂಗಳು ಸೋಸಿದೆ. ಒಂದು ರಾತ್ರಿ ವಾಂತಿಯಾಗಿ ನೆಲಕ್ಕೆ ಬಿದ್ದ ಮೇಲೆ ಮನೆಯವರು ದೊಡ್ಡ ಊರಿನ ಒಂದು ದವಾಖಾನೆಗೆ ಕರೆದೊಯ್ದರು. ಊರು ಯಾವುದೆಂದು ಹೇಳುವುದಿಲ್ಲ, ಹೇಳಿ ಆಗಬೇಕಾದ್ದೂ ಏನಿಲ್ಲ.

"ಕಿಡ್ನ್ಯಾಗ ಹಳ್ಳು ಐತೇನ್ರಿ ಸಾಹೇಬ್ರ?" ಎಂದು ಕೇಳಿದವಳು ನಾನು. ಉತ್ತರ ಬಂದದ್ದು ನಮ್ಮವರಿಗೆ. "ಔಷಧ ಹಾಕಿ ಫೋಟೋ ತೆಗೀಬೇಕ್ರಿ, ಐ.ವಿ.ಪಿ. ಅಂತಾರ. ಇದರಾಗ ಎಲ್ಲಾ ಐತಿ, ಇದರಂಗ ತಯಾರಿ ಮಾಡಿಸ್ರಿ."

'ಮಾಡಿಸ್ರಿ' ಎಂಬ ಮಾತನ್ನು ನಾನಿನ್ನೂ ಮರೆತಿಲ್ಲ. ಎತ್ತಿಗೆ ಲಾಳ ಹೊಡೆಸಿದ ಹಾಗೆ.

ಸೈಕ್ಲೋಸ್ಟೈಲ್ ಮಾಡಿದ ಇಂಗ್ಲಿಷ್ ಚೀಟಿ. ಮೊದಲ ಸಾಲು 'ಲೈಟ್ ಡಯಟ್'. ನಮ್ಮವರು ಎಸ್ಸೆಸ್ಸೆಲ್ಸಿ ಪಾಸಾದವರು, ಅಷ್ಟು ಅವರಿಗೆ ತಿಳಿಯಿತು. "ಹಗುರ ಊಟ ಮಾಡಬೇಕಂತ" ಎಂದರು. ನಮ್ಮ ಮನೆಯಲ್ಲಿ ಹಗುರ ಊಟವೆಂದರೆ ಎರಡರ ಬದಲು ಒಂದು ರೊಟ್ಟಿ. ಅಂದು ಮಾಡಿದ್ದು ಪುಂಡಿಪಲ್ಯ, ಮೊಳಕೆ ಹೆಸರುಕಾಳು. ಒಂದು ರೊಟ್ಟಿ ಉಂಡೆ. ಕರುಳಿನಲ್ಲಿ ಮಲವೂ ವಾಯುವೂ ತುಂಬಿದ್ದರೆ ಅವು ಫೋಟೋದಲ್ಲಿ ಮೂತ್ರಪಿಂಡದ ಮೇಲೆಯೇ ಕೂರುತ್ತವೆ, ಅದಕ್ಕಾಗಿ ಸೊಪ್ಪು, ಕಾಳು, ಬೇಳೆ ಬಿಟ್ಟು ಗಂಜಿ, ಮಜ್ಜಿಗೆ ಅನ್ನದಂಥದ್ದು ತಿನ್ನಬೇಕು ಎಂದು ಒಂದು ಮಾತು ಹೇಳಿದ್ದರೆ ನನಗೇನು ಅರ್ಥವಾಗುತ್ತಿರಲಿಲ್ಲವೇ? ಯಾವ ಕಾಳು ವಾಯು ಎಬ್ಬಿಸುತ್ತದೆ, ಯಾವುದು ಇಲ್ಲ ಎಂಬುದು ಅಡಿಗೆ ಮಾಡುವವಳಿಗೆ ಗೊತ್ತು. ಆ ದವಾಖಾನೆಯಲ್ಲಿದ್ದ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೆ ಚೀಟಿ ಹೋದದ್ದು ಒಲೆಯ ಮುಂದೆ ಒಂದು ದಿನವೂ ಕೂರದವರ ಕೈಗೆ.

ಮುಂದೆ 'ಎನ್.ಬಿ.ಎಂ.' ಎಂದಿತ್ತು. ಇದೊಂದು ಗುಳಿಗೆಯ ಹೆಸರೆಂದು ತಿಳಿದು ನಮ್ಮವರು ಔಷಧದ ಅಂಗಡಿಗೆ ಹೋಗಿ ಕೇಳಿದರು. ಅಂಗಡಿಯವ ನಕ್ಕು, "ಬಾಯಿಗೆ ಏನೂ ಹಾಕಬಾರದ್ರಿ, ನೀರೂ ಕುಡೀಬಾರದು" ಎಂದ. ಚೀಟಿಯಲ್ಲಿದ್ದದ್ದು ರಾತ್ರಿ ಹತ್ತರ ನಂತರ. "ಎಲ್ಲಾ ಬರೋಬ್ಬರಿ ಆಗಲಿ" ಎಂದು ಇವರು ಅದನ್ನು ಮಧ್ಯಾಹ್ನ ಮೂರಕ್ಕೆ ತಂದಿಟ್ಟರು. ನನ್ನ ಮೇಲಿನ ಕಾಳಜಿಯಿಂದಲೇ ಮಾಡಿದರು, ಅವರನ್ನು ಬೈಯುತ್ತಿಲ್ಲ. ಮೇ ತಿಂಗಳ ಬಿಸಿಲು, ಹಂಚಿನ ಮನೆ. ಮೂರು ಗಂಟೆಯಿಂದ ಒಂದು ಹನಿ ನೀರಿಲ್ಲ.

ರಾತ್ರಿ ಔಡಲೆಣ್ಣೆ ಕುಡಿದೆ. ಮನೆಯಲ್ಲಿ ಸಂಡಾಸ ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಬೇಕೇ? ಅತ್ತಿ ಕಂದೀಲು ಹಿಡಿದು ಹಿತ್ತಲಾಚೆಯ ಬಯಲಿಗೆ ನಾಲ್ಕು ಸಲ ಬಂದರು. ಐದನೆಯ ಸಲ ಅವರನ್ನು ಎಬ್ಬಿಸಲು ನಾಚಿ ಒಬ್ಬಳೇ ಹೋದೆ, ನಾಯಿ ಬೆನ್ನಟ್ಟಿತು. ಬೆಳಗಿನ ಐದಕ್ಕೆ ಬಸ್ಸು. ಔಡಲೆಣ್ಣೆ ಕುಡಿದ ಹೊಟ್ಟೆ ಹೊತ್ತು ಮೂರು ತಾಸು ಬಸ್ಸಿನಲ್ಲಿ ಕೂತವಳ ಸ್ಥಿತಿ ಆ ಚೀಟಿ ಬರೆದವರಿಗೆ ಹೊಳೆದೇ ಇರಲಿಕ್ಕಿಲ್ಲ. ಅವರ ಸಂಡಾಸ ಅವರ ಕೋಣೆಗೆ ಹತ್ತಿಯೇ ಇತ್ತು.

ನನ್ನ ಪಾಳಿ ಬಂದದ್ದು ಮಧ್ಯಾಹ್ನ ಒಂದಕ್ಕೆ. ನೀರಿಲ್ಲದೆ ಇಪ್ಪತ್ತೆರಡು ತಾಸು. ಕಸೆ ಹರಿದ ಒಂದು ಅಂಗಿ ಕೊಟ್ಟರು. ತಣ್ಣನೆಯ ಟೇಬಲ್ಲಿನ ಮೇಲೆ ಮಲಗಿಸಿ ತೋಳಿನ ನರಕ್ಕೆ ಔಷಧ ಚುಚ್ಚಿದರು. ಅರ್ಧ ನಿಮಿಷವಾಗಿರಬೇಕು, ಬಾಯಲ್ಲಿ ತಾಮ್ರದ ರುಚಿ ಬಂತು. ಎದೆಯಿಂದ ಒಂದು ಬಿಸಿ ಎದ್ದು ಹೊಟ್ಟೆಗಿಳಿಯಿತು, ಕಿಬ್ಬೊಟ್ಟೆಗಿಳಿಯಿತು, ಆಮೇಲೆ ಕೆಳಗೆ. ನಾನು ಟೇಬಲ್ಲಿನ ಮೇಲೆ ಉಚ್ಚೆ ಹೊಯ್ದುಕೊಂಡೆ ಎಂದೇ ತಿಳಿದೆ. ಇಬ್ಬರು ಗಂಡಸರು ನಿಂತಿದ್ದರು. ಮೈದುನ ಬಾಗಿಲ ಹೊರಗೆ. ಅತ್ತೆ. "ಯಾಕ ಅಳ್ತೀಯವ್ವಾ?" ಎಂದು ಒಬ್ಬ ಕೇಳಿದ. ಹೇಗೆ ಹೇಳಲಿ? ಹೇಗೋ ಹೇಳಿದೆ. ಇಬ್ಬರೂ ನಕ್ಕರು. "ಹಂಗ ಅನ್ನಸ್ತೈತಿ, ಏನೂ ಆಗಿಲ್ಲ" ಎಂದರು.

ಹಾಗೆ ಅನ್ನಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ದಿನಕ್ಕೆ ಐದಾರು ಜನರಿಗೆ ಹಾಗೆ ಅನ್ನಿಸುವುದನ್ನು ಅವರು ನೋಡುತ್ತಿದ್ದರು. ಚುಚ್ಚುವ ಮೊದಲು ಹೇಳಲು ಎಷ್ಟು ಹೊತ್ತು ಬೇಕಿತ್ತು?

ಐದು ನಿಮಿಷಕ್ಕೊಂದು, ಹದಿನೈದಕ್ಕೊಂದು, ಅರ್ಧ ತಾಸಿಗೊಂದು ಫೋಟೋ ಆದವು. ಕೊನೆಗೆ ಒಂದಕ್ಕೆ ಹೋಗಿ ಬರಲು ಹೇಳಿ ಇನ್ನೊಂದು. ಸಂಜೆ ಫಿಲ್ಮು ನೋಡಿದ ಡಾಕ್ಟರು, "ಎಡಗಡೆ ಬರೀ ಗ್ಯಾಸ್ ಐತಿ, ಏನೂ ಕಾಣವಲ್ದು. ಹೇಳಿದ್ದು ತಿಳಿಯಂಗಿಲ್ಲೇನು ನಿಮಗ?" ಎಂದರು. ಈ ಒಂದು ಮಾತನ್ನು ಮಾತ್ರ ಅವರು ನೇರವಾಗಿ ನನ್ನ ಮುಖ ನೋಡಿಯೇ ಹೇಳಿದ್ದು. ಹದಿನೈದು ದಿನ ಬಿಟ್ಟು ಮತ್ತೆ ಬರಬೇಕೆಂದಾಯಿತು.

ಹದಿನೈದು ದಿನಕ್ಕೆ ನಾನು ಹೋಗಲಿಲ್ಲ. ಅಷ್ಟರಲ್ಲಿ ನನಗೆ ವಾಂತಿ ಶುರುವಾಗಿತ್ತು, ಈ ಸಲ ಹಳ್ಳಿನದ್ದಲ್ಲ.

ಫೋಟೋ ತೆಗೆಸಿದ ದಿನ ನನ್ನ ಮುಟ್ಟು ಆರು ದಿನ ಮುಂದೆ ಹೋಗಿತ್ತು. ನನಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ. ಚೀಟಿಯ ಕೆಳಗೆ ಕೊನೆಯ ಮುಟ್ಟಿನ ತಾರೀಖಿಗೆ ಮೂರು ಇಂಗ್ಲಿಷ್ ಅಕ್ಷರ, ಅದರ ಮುಂದೊಂದು ಗೆರೆ ಇತ್ತೆಂದು ಬಹಳ ವರ್ಷಗಳ ಮೇಲೆ ತಿಳಿಯಿತು. ಆ ಗೆರೆಯನ್ನು ತುಂಬುವವರು ಯಾರು? ಜೇಬಿನಲ್ಲಿಟ್ಟುಕೊಂಡ ಗಂಡನೇ? ಬಾಗಿಲಲ್ಲಿ ನಿಂತ ಮೈದುನನೇ? ನಾನಾಗಿಯೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಎಕ್ಸ್‌ರೇಗೂ ಬಸಿರಿಗೂ ಸಂಬಂಧವಿದೆ ಎಂಬುದೇ ನನಗೆ ತಿಳಿದಿರಲಿಲ್ಲ. ಕಾರಣ ಗೊತ್ತಿಲ್ಲದವಳು ಇಬ್ಬರು ಪರಗಂಡಸರ ಮುಂದೆ ತನ್ನ ಮುಟ್ಟಿನ ಮಾತು ತಾನಾಗಿ ತೆಗೆಯುತ್ತಾಳೆಯೇ? ಕಿಬ್ಬೊಟ್ಟೆಯ ಎಕ್ಸ್‌ರೇಯನ್ನು ಮುಟ್ಟಾದ ಹತ್ತು ದಿನದೊಳಗೆ ತೆಗೆಯುವುದು ಒಳ್ಳೆಯದೆಂಬ ನಿಯಮ ಆಗಲೇ ಹಳೆಯದಾಗಿತ್ತು. ಈಗ ಮುಟ್ಟು ತಪ್ಪಿದೆಯೇ ಎಂದು ಕೇಳಿದರೆ ಸಾಕೆನ್ನುತ್ತಾರೆ. ಎರಡರಲ್ಲಿ ಯಾವ ನಿಯಮ ಹಿಡಿದರೂ ಕೇಳುವುದಂತೂ ತಪ್ಪುವುದಿಲ್ಲ.

ಆಮೇಲೆ ಓಣಿಯ ಪಂಚಾಯತಿ. "ಎಕ್ಸ್‌ರೇ ಬಡದದ ಬಸರು, ಕುಂಟೋ ಕುರುಡೋ ಹುಟ್ಟತೈತಿ, ತೆಗೆಸಿಬಿಡು" ಎಂದರು ನೆಗೆಣ್ಣಿ. ಅತ್ತಿಯೂ ಹೌದೆಂದರು. ತಾರೀಖೂ ಗೊತ್ತಾಯಿತು. ಅದರ ಮುಂಚಿನ ದಿನ ಜಮಖಂಡಿಯಲ್ಲಿದ್ದ ನಮ್ಮ ವೈನಿ ಒಬ್ಬ ಹೆಣ್ಣು ಡಾಕ್ಟರರ ಹತ್ತಿರ ಕರೆದೊಯ್ದರು. ಆಕೆ ಎಷ್ಟು ಫಿಲ್ಮು ತೆಗೆದರು ಎಂದು ನನ್ನನ್ನೇ ಕೇಳಿ, ಎಣಿಸಿ, "ಇಷ್ಟಕ್ಕ ಬಸರು ತೆಗೆಸೂದು ಬ್ಯಾಡ ತಂಗಿ" ಎಂದರು. ಅವರ ಮಾತಿಗೆ ಲೆಕ್ಕದ ಆಧಾರವಿದೆ. ಐ.ವಿ.ಪಿ.ಯಲ್ಲಿ ಗರ್ಭಕ್ಕೆ ತಗಲುವ ವಿಕಿರಣ ಸರಾಸರಿ 2 ಮಿಲಿಗ್ರೇಗಿಂತ ಕಡಿಮೆ, ಹೆಚ್ಚೆಂದರೆ 10. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವು 2000ದಲ್ಲಿ, 100 ಮಿಲಿಗ್ರೇಗಿಂತ ಕೆಳಗಿದ್ದರೆ ವಿಕಿರಣದ ಕಾರಣಕ್ಕೆ ಬಸಿರು ತೆಗೆಸಬಾರದು ಎಂದು ಸ್ಪಷ್ಟವಾಗಿಯೇ ಹೇಳಿತು. ಗೊತ್ತಾಗದೆ ತೆಗೆಸಿಕೊಂಡವರು ಹೆದರಬಾರದು. ಗೊತ್ತಿದ್ದೂ ಕೇಳದವರನ್ನು ಮಾತ್ರ ಬಿಡಬಾರದು.

1995ರ ಜನವರಿಯಲ್ಲಿ ಮಗಳು ಹುಟ್ಟಿದಳು. ಕೈಕಾಲು, ಕಣ್ಣು ಎಲ್ಲ ನೆಟ್ಟಗಿದ್ದವು. ಒಂಬತ್ತು ತಿಂಗಳು ಪ್ರತಿ ರಾತ್ರಿ ನಾನು ಪಟ್ಟ ಭಯವನ್ನು ಯಾವ ಫಿಲ್ಮೂ ತೋರಿಸುವುದಿಲ್ಲ.

ಅಂದಿನಿಂದ ಈ ಪರೀಕ್ಷೆಯ ಬಗ್ಗೆ ಸಿಕ್ಕವರನ್ನೆಲ್ಲ ಕೇಳುತ್ತ, ಸಿಕ್ಕದ್ದನ್ನೆಲ್ಲ ಓದುತ್ತ ಬಂದೆ. ಸಾದಾ ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಸುಣ್ಣದಂಶವಿರುವ ಹಳ್ಳು ಕಾಣುತ್ತದೆ, ಮೂತ್ರದ ದಾರಿ ಕಾಣುವುದಿಲ್ಲ. ಅಯೋಡಿನ್ ಇರುವ ಔಷಧ ರಕ್ತಕ್ಕೆ ಸೇರಿದರೆ ಮೂತ್ರಪಿಂಡ ಅದನ್ನು ಸೋಸಿ ಕೆಳಗಿಳಿಸುತ್ತದೆ. ಅಯೋಡಿನ್ ಕಿರಣವನ್ನು ತಡೆಯುವುದರಿಂದ ಅದು ಇಳಿಯುವ ದಾರಿಯೆಲ್ಲ ಫಿಲ್ಮಿನಲ್ಲಿ ಬೆಳ್ಳಗೆ ಮೂಡುತ್ತದೆ. ಎಲ್ಲಿ ಹಳ್ಳು ತಡೆದಿದೆಯೋ ಅಲ್ಲಿ ಬಿಳಿ ಗೆರೆ ನಿಲ್ಲುತ್ತದೆ. ಕಾಲುವೆಗೆ ನೀರು ಬಿಟ್ಟು ಎಲ್ಲಿ ಹೂಳು ತುಂಬಿದೆ ಎಂದು ನೋಡುವ ಹಾಗೆ. ಘಟಪ್ರಭೆಯ ನೀರುಣ್ಣುವ ಮುಧೋಳದ ಹೆಣ್ಣುಮಗಳಿಗೆ ಇದು ತಿಳಿಯದೇ? ಸರಿಯಾಗಿ ಕೆಲಸ ಮಾಡಿದ ಮೊದಲ ಔಷಧವನ್ನು 1929ರಲ್ಲಿ ಬರ್ಲಿನ್ನಿನಲ್ಲಿ ಮೋಸೆಸ್ ಸ್ವಿಕ್ ಎಂಬ ಅಮೆರಿಕದ ತರುಣ ಡಾಕ್ಟರು ತೋರಿಸಿಕೊಟ್ಟರು. ಅದರ ಮೂಲವಸ್ತು ಹಸುವಿನ ಕೆಚ್ಚಲುಬಾವಿಗೆ ಕೊಡುತ್ತಿದ್ದ ಮದ್ದಿನ ಸಂತತಿ. ಕೀರ್ತಿಯನ್ನು ಮಾತ್ರ ಅವರ ಮೇಲಿನ ದೊಡ್ಡ ಡಾಕ್ಟರು ತೆಗೆದುಕೊಂಡರು, ಸ್ವಿಕ್ ಅವರ ಹೆಸರು ಮೇಲೆ ಬರಲು ಹತ್ತಾರು ವರ್ಷ ಹಿಡಿಯಿತು. ಕೆಲಸ ಒಬ್ಬರದು, ಮಾತು ಇನ್ನೊಬ್ಬರದು ಎಂಬ ಪದ್ಧತಿ ನಮ್ಮ ಮನೆಗಳಲ್ಲಷ್ಟೇ ಇಲ್ಲವೆಂದು ಆ ಕಥೆ ಓದಿ ಸ್ವಲ್ಪ ಸಮಾಧಾನವಾಯಿತು.

ಇನ್ನು ನೀರಿನ ಮಾತು. ನೀರು ಕುಡಿಯದಿದ್ದರೆ ಔಷಧ ಗಟ್ಟಿಯಾಗಿ ಇಳಿದು ಫೋಟೋ ಸ್ಪಷ್ಟ ಬರುತ್ತದೆ ಎಂಬುದು ಹಳೆಯ ನಂಬಿಕೆ. ಒಣಗಿದ ದೇಹಕ್ಕೆ ಈ ಔಷಧ ಕೊಟ್ಟರೆ ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಮೊದಲೇ ಕಿಡ್ನಿ ಸೋತವರಿಗೆ ಎಂದು ಆಮೇಲೆ ಗೊತ್ತಾಯಿತು. ಈಗ ಮೊದಲೂ ನಂತರವೂ ನೀರು ಕುಡಿಯಿರಿ ಎನ್ನುತ್ತಾರೆ. ಇಂದಿನ ಔಷಧಗಳಿಗೆ ಉಪವಾಸವೇ ಬೇಕಿಲ್ಲವೆಂದು ಯುರೋಪಿನ ಮೂತ್ರಾಂಗ ರೇಡಿಯಾಲಜಿ ಸಂಘದ 2018ರ ಸೂಚನೆಗಳಲ್ಲಿದೆ. ಭೇದಿಯ ಗುಳಿಗೆಯಿಂದಲೂ ದೊಡ್ಡ ಲಾಭವಿಲ್ಲವೆಂದು ಪರೀಕ್ಷೆ ಮಾಡಿ ನೋಡಿದವರು ಹೇಳಿದ್ದಾರೆ. ಐ.ವಿ.ಪಿ.ಯ ಜಾಗಕ್ಕೆ ಈಗ ಹೆಚ್ಚಾಗಿ ಸಿ.ಟಿ. ಬಂದಿದೆ, ಅದಕ್ಕೆ ಔಡಲೆಣ್ಣೆಯ ಹಂಗಿಲ್ಲ. ಆದರೂ ಹಳೆಯ ಚೀಟಿಯ ಝೆರಾಕ್ಸಿನ ಝೆರಾಕ್ಸ್ ನಮ್ಮ ಊರುಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಲೇ ಇದೆ. ಯಂತ್ರಕ್ಕೆ ಕೋಟಿ ಸುರಿದವರಿಗೆ ಕಾಗದ ಬದಲಿಸಲು ಆಗಿಲ್ಲ.

ನೀರು ಕುಡಿಯಬೇಡ ಎಂದು ಹೆಂಗಸಿಗೆ ಹೇಳುವುದೇ ಒಂದು ಚೇಷ್ಟೆ. ಆ ತಯಾರಿಯನ್ನು ಅವಳು ಮೈನೆರೆದ ದಿನದಿಂದ ಮಾಡುತ್ತಲೇ ಇದ್ದಾಳೆ. ಮಗ್ಗದ ಖೋಲಿಯಲ್ಲಿ ಗಂಡಸರು ಗೋಡೆಯ ಮರೆಗೆ ಹೋಗಿ ಬರುತ್ತಾರೆ, ಕಂಡಿಕೆ ಸುತ್ತುವವಳು ಕತ್ತಲಾಗುವ ತನಕ ಬಿಗಿಹಿಡಿಯುತ್ತಾಳೆ. ಕಬ್ಬು ಕಡಿಯುವ ಗ್ಯಾಂಗಿನ ಹೆಣ್ಣುಮಗಳಿಗೆ ಮರೆಯಾಗಿದ್ದ ಕಬ್ಬು ಸಂಜೆಯಷ್ಟೊತ್ತಿಗೆ ಅವಳ ಕುಡುಗೋಲಿಗೇ ಬಿದ್ದಿರುತ್ತದೆ. ಬೀಳಗಿ ಕಡೆಯ ನನ್ನ ಸೋದರತ್ತಿ ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿ ಹೊಸ ಜಾಗಕ್ಕೆ ಹೋದಾಗ ಮನೆ, ಹೊಲ, ಗುಡಿಗಳಿಗೆ ಅತ್ತರು. ಎಲ್ಲಕ್ಕಿಂತ ಮೊದಲು ಅತ್ತದ್ದು ಹಳೆಯ ಊರಿನ ಜಾಲಿ ಮರೆಗೆ. ಹೊಸ ಊರು ಬಟಾಬಯಲು. ಶಾಲೆಯ ಬಾಯಾರಿಗೆ ನಾಲ್ಕನೆಯ ಪಿರಿಯಡ್ಡಿನ ತನಕ ನೀರಿನ ಬಾಟಲಿಯ ಮುಚ್ಚಳ ತೆಗೆಯದ ಅಭ್ಯಾಸ. ಹೀಗೆ ವರ್ಷಗಟ್ಟಲೆ ಒಣಗಿದ ಮೂತ್ರಪಿಂಡದಲ್ಲಿ ಹಳ್ಳು ಕಟ್ಟುತ್ತದೆ, ಬಿಗಿಹಿಡಿದ ಮೂತ್ರಕೋಶಕ್ಕೆ ಸೋಂಕು ತಗಲುತ್ತದೆ. ಆಗ ಡಾಕ್ಟರು, ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು ಎನ್ನುತ್ತಾರೆ. ನಿಜ, ಶಾಸ್ತ್ರವೂ ಹಾಗೆಯೇ ಹೇಳುತ್ತದೆ. ಆ ಎರಡೂವರೆ ಲೀಟರನ್ನು ಎಲ್ಲಿಗೆ ಹೋಗಿ ಬಿಡಬೇಕು ಎಂಬುದನ್ನೂ ಚೀಟಿಯಲ್ಲಿ ಬರೆದುಕೊಡಲಿ.

ಡಾಕ್ಟರರಿಗೆ ಪುರಸೊತ್ತಿಲ್ಲ, ದಿನಕ್ಕೆ ನೂರು ಜನ ಎನ್ನುವ ವಾದ ನನಗೆ ಗೊತ್ತು. ನನಗೆ ಎರಡು ನಿಮಿಷ ಕೊಡದ್ದರಿಂದ ಒಂದು ಇಡೀ ಸೆಟ್ ಫಿಲ್ಮು ಹಾಳಾಯಿತಲ್ಲ, ಆ ಹೊತ್ತು ಯಾರ ಲೆಕ್ಕಕ್ಕೆ? ಬಸ್ಸಿನ ಖರ್ಚು, ಎರಡು ದಿನದ ಕಂಡಿಕೆಯ ಕೂಲಿ, ತೋಳಿಗೆ ಚುಚ್ಚಿದ ಔಷಧದ ದುಡ್ಡು ಯಾರ ಲೆಕ್ಕಕ್ಕೆ? ಹೆಂಗಸರಿಗೆ ಹೇಳಿದರೂ ತಿಳಿಯುವುದಿಲ್ಲ ಎಂಬ ಇನ್ನೊಂದು ಮಾತಿದೆ. ಸೀರೆಯ ಅಂಚಿನ ನೂರಾರು ಎಳೆ ಲೆಕ್ಕ ತಪ್ಪದೆ ಎಣಿಸುವವಳಿಗೆ ನಾಲ್ಕು ಸಾಲು ತಿಳಿಯುವುದಿಲ್ಲವಂತೆ.

ನಮ್ಮದೂ ತಪ್ಪಿದೆ. ನಾವು ಮುಚ್ಚಿಡುತ್ತೇವೆ. ಸಕ್ಕರೆ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುವುದನ್ನು ಬೀಗರಿಗೆ ಗೊತ್ತಾದೀತೆಂದು ಮುಚ್ಚಿಡುತ್ತೇವೆ. ಆ ಗುಳಿಗೆ ಮೆಟ್‌ಫಾರ್ಮಿನ್ ಆಗಿದ್ದು ಕಿಡ್ನಿಯೂ ಸೋತಿದ್ದರೆ, ಔಷಧ ಚುಚ್ಚುವ ಹೊತ್ತಿಗೆ ಅದನ್ನು ನಿಲ್ಲಿಸಬೇಕಾಗುತ್ತದೆ. ನಿರ್ಧರಿಸುವವರು ಡಾಕ್ಟರು, ಆದರೆ ಹೇಳಿದರೆ ತಾನೇ? ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುವುದು ಇದಕ್ಕೇ. ಉಬ್ಬಸ ಇದ್ದರೆ, ಹಿಂದೊಮ್ಮೆ ಇದೇ ಔಷಧಕ್ಕೆ ಮೈಯೆಲ್ಲ ಗಂಧೆ ಎದ್ದಿದ್ದರೆ ಅದನ್ನಂತೂ ಹೇಳಲೇಬೇಕು, ಜೀವಕ್ಕೆ ಬರುವ ಮಾತು ಅದು. ಮೀನು ಆಗದವರಿಗೆ ಈ ಔಷಧವೂ ಆಗದು ಎಂಬುದು ಮಾತ್ರ ಬರೀ ಗಾಳಿಮಾತು.

ಮುಧೋಳದ ನಮ್ಮ ಪರಿಚಯದ ಮನೆಯಲ್ಲಿ ಐದು ವರ್ಷದ ಹುಡುಗಿಗೆ ಮೇಲಿಂದ ಮೇಲೆ ಮೂತ್ರದ ಸೋಂಕು, ಚಳಿಜ್ವರ. ಮೂತ್ರಕೋಶಕ್ಕೆ ಸಣ್ಣ ನಳಿಕೆ ಇಟ್ಟು ಔಷಧ ತುಂಬಿ, ಮಗು ಒಂದಕ್ಕೆ ಹೋಗುವಾಗ ಎಕ್ಸ್‌ರೇ ತೆಗೆಯುವ ಪರೀಕ್ಷೆಯೊಂದಿದೆ, ಎಂ.ಸಿ.ಯು. ಎನ್ನುತ್ತಾರೆ. ಮೂತ್ರ ಮೇಲಕ್ಕೆ ಮೂತ್ರಪಿಂಡದ ಕಡೆ ಹಿಮ್ಮರಳುತ್ತಿದೆಯೇ ಎಂದು ನೋಡಲು. ಇದಕ್ಕೆ ಉಪವಾಸ ಬೇಡ, ಭೇದಿ ಬೇಡ, ಸೋಂಕು ಇಳಿದಿದ್ದರೆ ಸಾಕು. ಆ ಮಗುವಿಗೆ ಬೇಕಾದ ತಯಾರಿ ಒಂದೇ. ಏನು ಮಾಡುತ್ತಾರೆ ಎಂದು ತಾಯಿ ಮೊದಲೇ ಹೇಳಬೇಕು, ಸೀಸದ ಏಪ್ರನ್ ಹಾಕಿಕೊಂಡು ಪಕ್ಕದಲ್ಲಿ ನಿಲ್ಲಬೇಕು. ಬಸುರಿಯಲ್ಲದಿದ್ದರೆ ನಿಲ್ಲಬಹುದು. ಅಲ್ಲಿ ತಾಯಿಯನ್ನು ಹೊರಗೆ ಕಳಿಸಿದರು, ಒಳಗೆ ನಿಂತದ್ದು ಕಾಕಾ. ಯಾವ ಬಾಯಿಂದ 'ಯಾರ ಮುಂದೂ ಲಂಗ ಎತ್ತಬ್ಯಾಡ' ಎಂದು ಕಲಿಸಿದ್ದೇವೋ ಆ ಬಾಯಿಯನ್ನೇ ಹೊರಗಿಟ್ಟು, ನಾಲ್ವರ ಮುಂದೆ ಉಚ್ಚೆ ಹೊಯ್ಯಿ ಎಂದರೆ ಹುಡುಗಿ ಹೊಯ್ದಾಳೆಯೇ? ಮುಕ್ಕಾಲು ತಾಸು ಕಾದು, ಬೈದು, ಆಗಲಿಲ್ಲವೆಂದು ಕಳಿಸಿದರು.

ಹೋದ ವರ್ಷ ಮಗಳು ಬಾಣಂತನಕ್ಕೆ ಬನಹಟ್ಟಿಗೆ ಬಂದಿದ್ದಳು. ಕೂಸಿಗೆ ನಾಲ್ಕು ತಿಂಗಳಾದಾಗ ಅವಳಿಗೂ ಅದೇ ಎಡಪಕ್ಕೆಯ ನೋವು. ಸ್ಕ್ಯಾನಿಂಗಿನಲ್ಲಿ ಪೂರ್ತಿ ತಿಳಿಯದೆ ಸಿ.ಟಿ. ಆಗಬೇಕೆಂದರು. ಕೌಂಟರಿನವ ಚೀಟಿಯನ್ನು ನನ್ನ ಅಳಿಯನ ಕಡೆ ಚಾಚಿದ. ಕಂಪ್ಯೂಟರಿನಲ್ಲಿ ಅಚ್ಚಾದ ಚೀಟಿ, ಇಂಗ್ಲಿಷೇ.

"ಅದನ್ನ ಆಕಿ ಕೈಯಾಗ ಕೊಡ್ರಿ" ಎಂದೆ.

"ಯಾರ ಕೈಯಾಗ ಕೊಟ್ರೇನ್ರಿ ಅಕ್ಕಾರ?"

"ನಿಮಗ ಏನೂ ಇಲ್ಲಲ್ಲಾ? ಹಂಗಾರ ಆಕಿ ಕೈಯಾಗ ಕೊಡ್ರಿ."

ಮಗಳು ಓದಿದಳು. ಎರಡು ದಿನ ಕೂಸಿಗೆ ಹಾಲು ಕೊಡಬಾರದು, ಹಿಂಡಿ ಚೆಲ್ಲಬೇಕು ಎಂದಿತ್ತು. ಆರು ತಾಸು ನೀರು ಬೇಡ ಎಂದಿತ್ತು. ಅವಳು ಚೀಟಿ ಹಿಡಿದು ಸೀದಾ ಒಳಗೆ ಹೋಗಿ ರೇಡಿಯಾಲಜಿ ಡಾಕ್ಟರರನ್ನೇ ಕೇಳಿದಳು. ಹುಡುಗ ವಯಸ್ಸಿನವರು, ಸಿಟ್ಟಾಗಲಿಲ್ಲ. ಔಷಧದ ನೂರರಲ್ಲೊಂದು ಪಾಲೂ ಹಾಲಿಗೆ ಇಳಿಯುವುದಿಲ್ಲ, ಇಳಿದದ್ದೂ ಕೂಸಿನ ಹೊಟ್ಟೆಯಿಂದ ರಕ್ತಕ್ಕೆ ಹೆಚ್ಚೇನೂ ಸೇರುವುದಿಲ್ಲ, ಹಾಲು ಕುಡಿಸಿ ಎಂದರು. ನೀರಿನ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಒಂದು ಲೀಟರ್ ಕುಡಿದು ಬನ್ನಿ ಎಂದರು. ಚುಚ್ಚಿದಾಗ ಬಿಸಿಯಾಗುತ್ತದೆ, ಮೂತ್ರ ಹೋದಂತೆ ಅನ್ನಿಸುತ್ತದೆ, ಹೋಗಿರುವುದಿಲ್ಲ ಎಂದೂ ತಾವಾಗಿಯೇ ಹೇಳಿದರು. ನನಗೆ ಗಂಟಲು ಕಟ್ಟಿತು.

"ಮತ್ತ ಚೀಟಿಯೊಳಗ ಯಾಕ ಹಿಂಗ ಐತ್ರಿ?" ಎಂದು ಕೇಳಿದೆ.

"ಹಳೇದದ್ರಿ. ಬದಲ ಮಾಡಬೇಕು" ಎಂದರು.

ಮಗಳು ಬೆಂಚಿನ ಮೇಲೆ ಕೂತು ಕೂಸಿಗೆ ಹಾಲು ಕುಡಿಸಿದಳು, ಬಾಟಲಿಯ ನೀರನ್ನೆಲ್ಲ ಕುಡಿದಳು. ಪಾಳಿಗೆ ಇನ್ನೂ ಒಂದು ತಾಸು ಇತ್ತು. ಅರ್ಧ ತಾಸಿಗೆ ಅವಳು ಎದ್ದು ಹೆಂಗಸರ ಸಂಡಾಸ ಹುಡುಕಿಕೊಂಡು ಹೋದಳು, ಕೂಸನ್ನು ಎತ್ತಿಕೊಂಡು ಹಿಂದೆ ನಾನೂ ಹೋದೆ. ಬಾಗಿಲಿಗೆ ಕೀಲಿ ಹಾಕಿತ್ತು. ಕೀಲಿಕೈ ವಾರ್ಡಿನ ಹುಡುಗನ ಹತ್ತಿರ ಇದೆ, ಅವನು ಚಹಾ ಕುಡಿಯಲು ಹೋಗಿದ್ದಾನೆ, ಈಗ ಬರುತ್ತಾನೆ ಎಂದರು.